‘ಸ್ಟ್ಯಾಮಿನಾ ಇಲ್ಲ’ ಅಂದ್ರೆ ಏನರ್ಥ?

ಕಾಲೇಜು ಮೈದಾನದಲ್ಲಿ ಒಬ್ಬ ಆಟಗಾರನ ಹಣೆಬರಹ ಬರೆಯೋಕೆ ನಮಗೆ ನಾಲ್ಕು ಪದ ಸಾಕು: ಫಾರ್ಮ್, ಸ್ಟ್ಯಾಮಿನಾ, ಪವರ್, ಸ್ಟ್ರೈಕ್ ರೇಟ್. “ಅವ ಫುಲ್ ಫಾರ್ಮ್‌ನ್ಯಾಗ ಅದಾನ”, “ಇವಗ ಸ್ಟ್ಯಾಮಿನಾ ಇಲ್ಲಪ” ಅಂದರೆ ಟೀಮ್ ಸೆಲೆಕ್ಷನ್ ಮುಗೀತು. ಇಂಗ್ಲಿಷ್ ಪದ ಬಳಸೋದಕ್ಕೆ ನನ್ನ ತಕರಾರಿಲ್ಲ. ಆದರೆ ಪದ ತಗೊಂಡ ಮೇಲೆ ಅದರ ಅರ್ಥವನ್ನೂ ತಗೋಬೇಕಲ್ವಾ?

ಯರಗೇರಾ, ದೇವದುರ್ಗ, ಮಾನ್ವಿ ಕಡೆಯ ನಾವು ಬಹಳ ಜನ ಊರ ಬಯಲಲ್ಲಿ ಕಬಡ್ಡಿ ಆಡಿ ಬಂದವರು. ಅಲ್ಲಿ ‘ದಮ್’ ಅಂತಿದ್ವಿ. ದಮ್ ಅಂದ್ರೆ ‘ಕಬಡ್ಡಿ ಕಬಡ್ಡಿ’ ಅನ್ನುತ್ತಾ ಒಂದೇ ಉಸಿರಿನಲ್ಲಿ ಎದುರಾಳಿ ಅಂಗಳದಲ್ಲಿ ನಿಲ್ಲೋದು. ಸ್ಟ್ಯಾಮಿನಾ ಬೇರೆ. ಇವತ್ತಿನ ಆಟದಲ್ಲಿ ಒಂದು ರೇಡಿಗೆ 30 ಸೆಕೆಂಡ್ ಮಿತಿ. ಪುರುಷರ ಪಂದ್ಯ 20 ನಿಮಿಷದ ಎರಡು ಅವಧಿ. ಕೊನೆಯ ನಿಮಿಷದವರೆಗೂ ಕಾಲು ಅದೇ ಚುರುಕಿನಲ್ಲಿ ಇದ್ದರೆ ಅದು ಸ್ಟ್ಯಾಮಿನಾ. ಮೊದಲ ರೇಡಿನಲ್ಲಿ ಹುಲಿ, ಹತ್ತನೇ ರೇಡಿಗೆ ಸುಸ್ತು ಅನ್ನುವವನಿಗೆ ದಮ್ ಇದೆ, ಸ್ಟ್ಯಾಮಿನಾ ಸಾಲದು. ಎರಡಕ್ಕೂ ಅಭ್ಯಾಸ ಬೇರೆ ಬೇರೆ.

ಪವರ್ ಕಥೆಯೂ ಅಷ್ಟೇ. ಕೆಲಸವನ್ನು ಕಾಲದಿಂದ ಭಾಗಿಸಿದರೆ ಪವರ್ ಅಂತ ಪಿಯುಸಿಯಲ್ಲೇ ಓದಿದ್ದೇವೆ. ಸಂಗ್ರಾಣಿ ಕಲ್ಲನ್ನು ನಿಧಾನಕ್ಕೆ ಹೆಗಲಿಗೇರಿಸುವವನದು ತಾಕತ್ತು. ಆ ತಾಕತ್ತನ್ನು ಕಣ್ಣು ಮಿಟುಕಿಸೋದರೊಳಗೆ ಹೊರಹಾಕಿ ಜಿಗಿಯುವವನದು ಪವರ್. ಪರೀಕ್ಷೆಯಲ್ಲಿ ಇವೆರಡನ್ನೂ ಕಲಸಿ ಬರೆದರೆ ಮಾರ್ಕ್ಸ್ ಹೋಗುತ್ತೆ. ಮೈದಾನದಲ್ಲಿ ಕಲಸಿದರೆ ಕೇಳೋರಿಲ್ಲ.

ಸ್ಟ್ರೈಕ್ ರೇಟ್ ಇನ್ನೂ ಮಜಾ. ಬ್ಯಾಟರ್‌ಗೆ ಅದು 100 ಎಸೆತಕ್ಕೆ ಎಷ್ಟು ರನ್ ಅನ್ನೋ ಲೆಕ್ಕ, ಹೆಚ್ಚಿದ್ದಷ್ಟೂ ಒಳ್ಳೆಯದು. ಬೌಲರ್‌ಗೆ ಒಂದು ವಿಕೆಟ್‌ಗೆ ಎಷ್ಟು ಎಸೆತ ಅನ್ನೋ ಲೆಕ್ಕ, ಕಡಿಮೆ ಇದ್ದಷ್ಟೂ ಒಳ್ಳೆಯದು. ಟೆಸ್ಟ್‌ನಲ್ಲಿ ನಮ್ಮ ರಾಹುಲ್ ದ್ರಾವಿಡ್ ಸ್ಟ್ರೈಕ್ ರೇಟ್ ಸುಮಾರು 42. ಅದೊಂದೇ ನೋಡಿದ್ದರೆ 13,288 ರನ್ ಮಾಡಿದ ಆ ಆಟಗಾರ ನಮ್ಮ ಕಾಲೇಜು ಟೀಮಿಗೂ ಬರ್ತಿರಲಿಲ್ಲ! 2003ರಲ್ಲಿ ಅಡಿಲೇಡ್‌ನಲ್ಲಿ 233 ಮತ್ತು ಔಟಾಗದೆ 72 ಹೊಡೆದು ಆಸ್ಟ್ರೇಲಿಯಾ ವಿರುದ್ಧ ಗೆಲ್ಲಿಸಿದ್ದು ಅದೇ ನಿಧಾನದ ಆಟ.

ಎಲ್ಲದಕ್ಕೂ ಕನ್ನಡ ಪದ ಬಳಸಿದರೆ ಸರಿಹೋಗುತ್ತೆ ಅನ್ನುವ ಗೆಳೆಯರಿದ್ದಾರೆ. ಪತ್ರಿಕೆಗಳು ಫಾರ್ಮ್‌ಗೆ ‘ಲಯ’ ಅಂತ ಬರೆಯುತ್ತವೆ; ಚಂದದ ಪದ. ಆದರೆ “ಲಯದಲ್ಲಿಲ್ಲ” ಅಂತ ಹೇಳಿ ಸುಮ್ಮನಾದರೂ ಆಟಗಾರನಿಗೆ ಸಿಕ್ಕಿದ್ದು ಸೊನ್ನೆಯೇ.

ಇದರಿಂದ ನಷ್ಟ ಯಾರಿಗೆ? ಹಳ್ಳಿಯಿಂದ ಬಂದ ಫಸ್ಟ್ ಇಯರ್ ಹುಡುಗಿಗೆ “ನಿನಗ ಸ್ಟ್ಯಾಮಿನಾ ಇಲ್ಲವ್ವ” ಅಂದರೆ ತಲೆ ಅಲ್ಲಾಡಿಸಿ ಹಾಸ್ಟೆಲ್‌ಗೆ ಹೋಗ್ತಾಳೆ. ಏನು ತಿದ್ದಿಕೊಳ್ಳಬೇಕು ಅಂತ ಅವಳಿಗೆ ಗೊತ್ತಾಗೋದೇ ಇಲ್ಲ, ಮತ್ತೆ ಮೈದಾನಕ್ಕೆ ಬರೋದೂ ಇಲ್ಲ. “ಹತ್ತು ನಿಮಿಷ ಆದಮ್ಯಾಲ ನಿನ್ನ ಕಾಲು ನಿಧಾನ ಆಗ್ತಾವ, ದಿನಾ ಮುಂಜಾನೆ ಓಡು” ಅಂದರೆ ಮರುದಿನವೇ ಶೂ ಕಟ್ಟಿ ಬರ್ತಾಳೆ.

ಅದಕ್ಕೇ ಸೀನಿಯರ್‌ಗಳಿಗೆ, ಕ್ಯಾಪ್ಟನ್‌ಗಳಿಗೆ ಒಂದು ಮನವಿ. ಮುಂದಿನ ಸೆಲೆಕ್ಷನ್‌ನಲ್ಲಿ ಯಾವ ಇಂಗ್ಲಿಷ್ ಪದ ಬೇಕಾದರೂ ಬಳಸಿ. ಅದರ ಬೆನ್ನಿಗೆ ನೀವು ಕಂಡಿದ್ದನ್ನು ನಮ್ಮ ಮಾತಲ್ಲಿ ಒಂದು ಸಾಲು ಹೇಳಿ: ಯಾವಾಗ ಸೋತ, ಎಷ್ಟು ಸಲ, ಏನು ಮಾಡಬೇಕು. ಹಂಗ ಹೇಳೋಕೆ ಬರದಿದ್ದರೆ, ಆ ಪದ ನಮಗೂ ಗೊತ್ತಿಲ್ಲ ಅಂತಲೇ ಲೆಕ್ಕ.