ಮೂಢರು ಯಾರು ಸ್ವಾಮಿ?

ನಮ್ಮವ್ವನ ಬಲಗಾಲಿನ ಎರಡು ಬೆರಳು ಹೋದವು. ಕತ್ತರಿಸಿದ ಡಾಕ್ಟರು ನನ್ನನ್ನು ಹೊರಗೆ ಕರೆದು, "ನೀನು ಡಿಗ್ರಿ ಓದಿದ್ದೀಯ. ಆದರೂ ನಿಮ್ಮ ಜನ ಮೌಢ್ಯ ಬಿಡೋದಿಲ್ಲವಲ್ಲ" ಅಂದರು. ಅವತ್ತು ತಲೆ ತಗ್ಗಿಸಿದೆ. ಇವತ್ತು ತಲೆಯೆತ್ತಿ ಕೇಳುತ್ತಿದ್ದೇನೆ: ಈ ಮೌಢ್ಯ ಯಾರದು ಸ್ವಾಮಿ?

ಅವ್ವನಿಗೆ ಸಕ್ಕರೆ ಕಾಯಿಲೆ. ಸರ್ಕಾರಿ ಆಸ್ಪತ್ರೆಯ ಮಾತ್ರೆ ನುಂಗಿಕೊಂಡು ಕೂಲಿಗೆ ಹೋಗುತ್ತಿದ್ದಳು. ಅವಳು ಮಾರಮ್ಮನಿಗೆ ಹರಕೆ ಹೊತ್ತು ಮಾತ್ರೆ ಬಿಟ್ಟವಳಲ್ಲ. ಮಂತ್ರವಾದಿಯ ಬಾಗಿಲಿಗೂ ಹೋದವಳಲ್ಲ. ನನ್ನ ಮೊದಲ ಸಂಬಳದಲ್ಲಿ ತಂದ ಟೀವಿಯಲ್ಲಿ ದಿನಾ ಬೆಳಗ್ಗೆ ಒಬ್ಬ ಬಂದು ಕೂರುತ್ತಿದ್ದ. ಮೈಮೇಲೆ ಶಾಲು, ಹೆಸರಿನ ಮುಂದೆ ಡಾಕ್ಟರು. ಮಾತ್ರೆ ವಿಷ, ನಮ್ಮ ಪುಡಿ ಅಮೃತ, ಮೂರೇ ತಿಂಗಳಲ್ಲಿ ಸಕ್ಕರೆ ಬುಡಸಮೇತ ಹೋಗುತ್ತದೆ ಅನ್ನುತ್ತಿದ್ದ. ಕೆಳಗೆ ಫೋನ್ ನಂಬರು ಓಡುತ್ತಿತ್ತು. ಅವ್ವ ಮಾತ್ರೆ ಬಿಟ್ಟು ಪುಡಿ ತರಿಸಿದಳು. ಸಕ್ಕರೆ ಏರಿದರೆ ಕಾಲಿನ ನರ ಸಾಯುತ್ತದೆ, ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಗೊತ್ತಾಗುವಷ್ಟರಲ್ಲಿ ಗಾಯ ಕೊಳೆತಿತ್ತು.

ಯಾಕವ್ವ ಹಿಂಗೆ ಮಾಡಿದೆ ಅಂದರೆ ಅವಳು ಹೇಳಿದ್ದು ಇಷ್ಟೇ: "ಅಷ್ಟ್ ಓದ್ದೋರು ಸುಳ್ ಹೇಳಾರಾ ಮಗ?"

ಓದಿದವರನ್ನು ನಂಬು ಎಂದು ತಲೆತಲಾಂತರದಿಂದ ನಮಗೆ ಕಲಿಸಿದವರು ಯಾರು? ಅಕ್ಷರವನ್ನು ತಾವಿಟ್ಟುಕೊಂಡು ನಂಬಿಕೆಯನ್ನು ಮಾತ್ರ ನಮ್ಮ ಬೊಗಸೆಗೆ ಸುರಿದವರು ತಾನೇ? ಈಗ ಆ ನಂಬಿಕೆಯನ್ನೇ ಹಿಂಡಿ ದುಡ್ಡು ಮಾಡುತ್ತಿದ್ದಾರೆ. ಬೆರಳು ಹೋಗುವುದು ನಮ್ಮದು. ಮೂಢರು ಎಂಬ ಹೆಸರೂ ನಮ್ಮದೇ!

ಕಾಯ್ದೆ ಇಲ್ಲವೇ ಎನ್ನಬೇಡಿ. ಪವಾಡದ ಔಷಧಿಗಳ ಜಾಹೀರಾತು ತಡೆಯುವ ಕಾಯ್ದೆ 1954ರಿಂದಲೇ ಇದೆ. ಗುಣಪಡಿಸುತ್ತೇವೆಂದು ಜಾಹೀರಾತು ಕೊಡಬಾರದ ರೋಗಗಳ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯೂ ಇದೆ. ಜಾಹೀರಾತು ಅಂದರೆ ಕಾಯ್ದೆ ಹಿಡಿದೀತು, ಅದಕ್ಕೇ ಇವರು 'ಆರೋಗ್ಯ ಕಾರ್ಯಕ್ರಮ' ಅನ್ನುತ್ತಾರೆ. 2024ರ ಏಪ್ರಿಲ್‌ನಲ್ಲಿ ಪತಂಜಲಿ ಕಂಪನಿ ಸುಪ್ರೀಂ ಕೋರ್ಟಿನ ಮುಂದೆ ತಲೆಬಾಗಿ, 67 ಪತ್ರಿಕೆಗಳಲ್ಲಿ ಕ್ಷಮಾಪಣೆಯ ಜಾಹೀರಾತು ಹಾಕಿದ್ದೇವೆ ಎಂದು ಹೇಳಿಕೊಂಡಿತು. ನೋಡಿ ಗೆಳೆಯರೇ, ಸುಳ್ಳು ಹೇಳುವಾಗಲೂ ಪತ್ರಿಕೆಗೆ ಜಾಹೀರಾತಿನ ದುಡ್ಡು, ತಪ್ಪಾಯ್ತು ಅನ್ನುವಾಗಲೂ ಜಾಹೀರಾತಿನ ದುಡ್ಡು. ಅಚ್ಚು ಹಾಕಿದವನು ಮಾತ್ರ ಯಾರ ಮುಂದೂ ತಲೆಬಾಗಲಿಲ್ಲ.

2021ರ ಏಪ್ರಿಲ್ ನೆನೆಯಿರಿ. ಕೊರೊನಾದ ಎರಡನೇ ಅಲೆ. ಮೂಗಿಗೆ ನಿಂಬೆರಸ ಬಿಟ್ಟರೆ ಆಮ್ಲಜನಕ ಏರುತ್ತದೆ ಎಂದು ನಮ್ಮದೇ ರಾಜ್ಯದ ಮಾಜಿ ಸಂಸದರೊಬ್ಬರು ಹೇಳಿದರು. ಮಾತು ಊರೂರು ಸುತ್ತಿತು. ಕೇಂದ್ರ ಸರ್ಕಾರದ ಪಿಐಬಿಯೇ ಅದು ಸುಳ್ಳು ಎಂದಿತು. ಅಷ್ಟರಲ್ಲಿ ರಾಯಚೂರು ಜಿಲ್ಲೆಯ ಶಿಕ್ಷಕರೊಬ್ಬರು ಮೂಗಿಗೆ ನಿಂಬೆರಸ ಬಿಟ್ಟುಕೊಂಡ ಮೇಲೆ ಸತ್ತರೆಂದು ವರದಿಯಾಯಿತು. ಮೇಷ್ಟ್ರೇ, ನಿಮ್ಮಂತೆ ಪಾಠ ಮಾಡುತ್ತಿದ್ದ ಜೀವ ಅದು. ಕೆಲವೇ ದಿನಕ್ಕೆ, ಮೇ 2 ಮತ್ತು 3ರ ನಡುವೆ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಜನ ಸತ್ತರು. ಸರ್ಕಾರ ಸಿಲಿಂಡರು ಕೊಡಬೇಕಾದ ಹೊತ್ತಿನಲ್ಲಿ ದೊಡ್ಡವರು ನಿಂಬೆಹಣ್ಣು ಕೊಟ್ಟರು. ಸುಳ್ಳು ಮದ್ದಿನ ಕೆಲಸ ಇದೇ. ಆಸ್ಪತ್ರೆ ಎಲ್ಲಿ ಎಂದು ಕೇಳಬೇಕಾದ ಬಾಯಿಗೆ ಕಷಾಯ ಹುಯ್ಯುವುದು.

ನಾವು ನಾರುಬೇರಿನ ವೈರಿಗಳಲ್ಲ. ನಮ್ಮ ಕೇರಿಯ ಸೂಲಗಿತ್ತಿ ಅಜ್ಜಿಗೆ ನೂರು ಸೊಪ್ಪು ಗೊತ್ತಿತ್ತು. ಹೆರಿಗೆ ಕೈಮೀರಿದರೆ ಮಾತ್ರ, "ಗಾಡಿ ಕಟ್ರಪ್ಪ, ಆಸ್ಪತ್ರೆಗೆ ನಡೀರಿ" ಅನ್ನೋಳು. ತನಗೆ ಗೊತ್ತಿಲ್ಲ ಎಂದು ಹೇಳುವ ನಿಯತ್ತು ಆ ಅಜ್ಜಿಗಿತ್ತು. ಸ್ಟುಡಿಯೋದಲ್ಲಿ ಕೂತವನಿಗೆ ಇಲ್ಲ.

1976ರಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪವಾಡ ಪರೀಕ್ಷೆಗೆ ಸಮಿತಿ ಮಾಡಿದರು. ವೈಜ್ಞಾನಿಕ ಮನೋಭಾವ ಪ್ರಜೆಯ ಕರ್ತವ್ಯವೆಂದು ಸಂವಿಧಾನಕ್ಕೆ ಸೇರಿದ್ದೂ ಅದೇ ವರ್ಷ. ಆಗ ಬೂದಿ ಕೊಡುತ್ತಿದ್ದ ಪವಾಡ ಈಗ ಪುಡಿ ಮಾರುತ್ತಿದೆ. ಇದನ್ನು ಪರೀಕ್ಷೆ ಮಾಡುವವರು ಯಾರು?

ನಾವೇ. ವಿದ್ಯಾರ್ಥಿಗಳೇ, ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಟೀವಿಯ ಮದ್ದನ್ನು ಕರಿಹಲಗೆಯ ಮೇಲೆ ಬರೆಯಿರಿ. ಕೆಳಗೆ ಮೂರು ಪ್ರಶ್ನೆ ಬರೆಯಿರಿ. ಇದನ್ನು ಹೇಳಿದವನು ಯಾರು? ಹೇಳಿದ್ದಕ್ಕೆ ಅವನಿಗೆ ಸಿಕ್ಕಿದ್ದೆಷ್ಟು? ಸುಳ್ಳಾದರೆ ಸಾಯುವವರು ಯಾರು? ಮಕ್ಕಳು ಮನೆಗೆ ಹೋಗಿ ಅವ್ವಂದಿರನ್ನು ಕೇಳಲಿ. ಕೇರಿಯಿಂದ ಆಸ್ಪತ್ರೆಗೆ ಎಷ್ಟು ಮೈಲಿ, ಅಲ್ಲಿ ಮಾತ್ರೆ ಇದೆಯೋ ಇಲ್ಲವೋ ಲೆಕ್ಕ ಹಾಕಲಿ. ಆ ಲೆಕ್ಕ ಹಿಡಿದು ತಾಲ್ಲೂಕು ಕಚೇರಿಯ ಮುಂದೆ ಕೂರೋಣ.

ಅವ್ವ ಈಗ ಮತ್ತೆ ಮಾತ್ರೆ ನುಂಗುತ್ತಿದ್ದಾಳೆ. ಕುಂಟಿಕೊಂಡೇ ಕಳೆ ಕೀಳುತ್ತಾಳೆ. ಬೆಳಗಿನ ಹೊತ್ತು ಟೀವಿಯವನು ಇನ್ನೂ ಬರುತ್ತಾನೆ.