ಕೋಗಿಲೆಗೆ ಸಂಬಳವಿಲ್ಲ

ಅಮೀರ್‌ಬಾಯಿ ಕರ್ನಾಟಕಿ ಅವರ ಬಗ್ಗೆ ಕನ್ನಡದಲ್ಲಿ ಬರುವ ಸ್ಮರಣೆಯ ಬರಹಗಳಿಗೆ ಒಂದು ಅಚ್ಚು ತಯಾರಾಗಿಬಿಟ್ಟಿದೆ. ಬೀಳಗಿಯ ಹುಡುಗಿ, ಬೊಂಬಾಯಿಗೆ ಹೋದಳು, ಗಾಂಧೀಜಿ ಮೆಚ್ಚಿದ ಭಜನೆ ಹಾಡಿದಳು, ಕ್ರೂರಿ ಗಂಡನ ಕೈಗೆ ಸಿಕ್ಕಳು, ಲತಾ ಬಂದರು, ಇವಳು ಮರೆಯಾದಳು, ವಿಜಯಪುರದ ಮಣ್ಣಲ್ಲಿ ಮಣ್ಣಾದಳು. ನಡುನಡುವೆ ಎರಡು ಸಲ ‘ಕನ್ನಡ ಕೋಗಿಲೆ’. ಅವರು ತೀರಿಕೊಂಡದ್ದು 1965ರ ಮಾರ್ಚ್ 3ರಂದು. ಆ ತಾರೀಖು ಬಂದರೆ ಇಂಥದೊಂದು ಬರಹ ಮೊಬೈಲಿಗೆ ಬಂದು ಬೀಳುತ್ತದೆ. ‘ಪಾಪ’ ಅಂದು ನಾವೂ ಮುಂದಿನವರಿಗೆ ಕಳಿಸುತ್ತೇವೆ. ನನ್ನ ತಕರಾರು ಈ ‘ಪಾಪ’ದ ಬಗ್ಗೆ.

ಮೊದಲು ಕೋಗಿಲೆಯ ವಿಚಾರ. ಕೋಗಿಲೆ ಯಾರ ಹತ್ತಿರವೂ ಕಲಿಯುವುದಿಲ್ಲ. ಅದಕ್ಕೆ ತಾಲೀಮಿಲ್ಲ, ಕರಾರಿಲ್ಲ, ಸಂಬಳವಿಲ್ಲ. ವಸಂತ ಬಂತು, ಹಾಡಿತು, ಅಷ್ಟೇ. ಭೀಮಸೇನ ಜೋಶಿಯವರ ಬಗ್ಗೆ ಬರೆಯುವಾಗ ಅವರು ಗುರುವನ್ನು ಹುಡುಕಿ ಮನೆ ಬಿಟ್ಟು ರೈಲು ಹತ್ತಿದ್ದು, ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆಗೆ ನೀರು ಹೊತ್ತದ್ದು, ಎಲ್ಲವನ್ನೂ ಒಂದೂ ಬಿಡದೆ ಹೇಳುತ್ತೇವೆ. ಅದು ಸಾಧನೆ. ಹಾಡುವ ಹೆಂಗಸಿನ ವಿಷಯಕ್ಕೆ ಬಂದರೆ ಮಾತ್ರ ಒಂದು ಹಕ್ಕಿಯ ಹೆಸರಿಟ್ಟು ಕೈತೊಳೆದುಕೊಳ್ಳುತ್ತೇವೆ.

ಅಮೀರ್‌ಬಾಯಿ ಮಾಡಿದ ಕೆಲಸ ಎಂಥದ್ದು? 1934ರ ‘ವಿಷ್ಣುಭಕ್ತಿ’ಯಲ್ಲಿ ಅವರು ಪರದೆಗೆ ಬಂದ ಕಾಲಕ್ಕೆ ನಟಿಸುವವರೇ ಹಾಡಬೇಕಿತ್ತು. ಕ್ಯಾಮೆರಾದ ಕಣ್ಣಿಗೆ ಬೀಳದಂತೆ ವಾದ್ಯದವರನ್ನು ಕೂರಿಸಿ, ಮೈಕಿನಿಂದ ದೂರ ಸರಿಯದಂತೆ ಲೆಕ್ಕವಿಟ್ಟು, ಮುಖದಲ್ಲಿ ಭಾವ ತಂದುಕೊಂಡು, ಶ್ರುತಿ ತಪ್ಪದೆ ಹಾಡಬೇಕು. ಮರುವರ್ಷವೇ ಕಲ್ಕತ್ತಾದಲ್ಲಿ ನಿತಿನ್ ಬೋಸ್ ತಮ್ಮ ‘ಧೂಪ್ ಛಾಂವ್’ ಚಿತ್ರಕ್ಕೆ ಹಿನ್ನೆಲೆ ಗಾಯನ ಬಳಸಿದರು. ಅಲ್ಲಿಂದ ಎಂಟು ವರ್ಷಕ್ಕೆ, ಅಂದರೆ 1943ರ ‘ಕಿಸ್ಮತ್’ ಹೊತ್ತಿಗೆ, ಅಮೀರ್‌ಬಾಯಿ ಅವರ ದನಿ ಮುಮ್ತಾಜ್ ಶಾಂತಿಯ ತುಟಿಗಳ ಮೇಲೆ ಕುಣಿಯುತ್ತಿತ್ತು. ತಮ್ಮ ಮೈಯನ್ನು ಬಿಟ್ಟು ಬೇರೊಬ್ಬಳ ಮುಖಕ್ಕೆ ದನಿ ಕೂಡಿಸುವ ಈ ಹೊಸ ಕಸುಬನ್ನು ಆಗ ಕಲಿಸುವವರು ಯಾರೂ ಇರಲಿಲ್ಲ. ಮಾಡುತ್ತಲೇ ಕಲಿಯಬೇಕಿತ್ತು. ಕಲಿತರು.

ಹಳೆಯ ಗಾಯಕಿಯರೆಲ್ಲ ನಾಟಕದ ಗಂಟಲಿನವರು, ಮೂಗಲ್ಲಿ ಹಾಡುವವರು, ಸೂಕ್ಷ್ಮ ಬಂದದ್ದು 1949ರ ನಂತರವೇ ಎಂಬ ಮಾತನ್ನು ಸಂಗೀತ ಬಲ್ಲವರ ಬಾಯಲ್ಲೂ ಕೇಳಿದ್ದೇನೆ. ಅಂಥವರು ‘ಕಿಸ್ಮತ್’ ಒಂದನ್ನೇ ಕೇಳಿದರೂ ಸಾಕು. ಅನಿಲ್ ಬಿಸ್ವಾಸ್ ಸಂಗೀತ, ಕವಿ ಪ್ರದೀಪ್ ಸಾಹಿತ್ಯ. ಒಂದು ಕಡೆ ಪರಕೀಯರನ್ನು ದೂರ ಸರಿಯಿರೆಂದು ಗದರಿಸುವ ಹಾಡು. ಬ್ರಿಟಿಷ್ ಸೆನ್ಸಾರಿನ ಕಣ್ಣಿಗೆ ಮಣ್ಣೆರಚಲು ಪ್ರದೀಪ್ ಅದರಲ್ಲಿ ಜರ್ಮನಿ, ಜಪಾನುಗಳ ಹೆಸರನ್ನು ಸೇರಿಸಿದ್ದರು. ಖಾನ್ ಮಸ್ತಾನಾ ಮತ್ತು ಸಮೂಹದ ಜೊತೆ ಅಮೀರ್‌ಬಾಯಿ ಅಲ್ಲಿ ಎದೆ ತೆರೆದು ಹಾಡುತ್ತಾರೆ. ಅದೇ ಚಿತ್ರದಲ್ಲಿ ಮೋಡವನ್ನು ಸದ್ದು ಮಾಡದೆ ಬಾ ಎಂದು ಕರೆಯುವ ಹಾಡಿದೆ. ಅಲ್ಲಿ ಅದೇ ಗಂಟಲು ಮಲಗಿದ ಮಗುವಿನ ಪಕ್ಕ ಕೂತವರ ಹಾಗೆ ಇಳಿದುಬಿಡುತ್ತದೆ. ನಾಟಕದ ಕೊನೆಯ ಸಾಲಿಗೆ ಮುಟ್ಟಿಸುವ ಹಾಡಿಕೆಯಲ್ಲ ಅದು, ಮೈಕನ್ನು ಅರ್ಥಮಾಡಿಕೊಂಡ ಹಾಡಿಕೆ. ಕಲ್ಕತ್ತಾದ ರಾಕ್ಸಿ ಚಿತ್ರಮಂದಿರದಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಹೆಚ್ಚು ಓಡಿತು. ಜನ ಸುಮ್ಮನೆ ಟಿಕೆಟ್ಟು ಕೊಂಡರೇ?

ಆಮೇಲೆ 1944ರಲ್ಲಿ ನೌಷಾದರ ‘ರತನ್’, 1947ರಲ್ಲಿ ಸಿ. ರಾಮಚಂದ್ರರ ‘ಶೆಹನಾಯಿ’. 1946ರ ಗುಜರಾತಿ ‘ರಾಣಕದೇವಿ’ಯಲ್ಲಿ ಹಾಡಿದರು. ನಮ್ಮ ಸ್ಮರಣೆಯ ಬರಹಗಳಲ್ಲಿ ಇವೆಲ್ಲ ಒಂದು ಸಾಲು. ಗಂಡನಿಗೆ ಎರಡು ಪ್ಯಾರಾ.

ಗಂಡನ ಹೆಸರನ್ನು ನಾನು ಬೇಕೆಂದೇ ಬಿಡುತ್ತಿದ್ದೇನೆ. ಹಿಂಸೆಯನ್ನು ಮುಚ್ಚಿಡಬೇಕೆಂದು ಹೇಳುತ್ತಿಲ್ಲ, ಅದು ದಾಖಲಾಗಲೇಬೇಕು. ಆದರೆ ಆತ ಅವರ ಬದುಕಿನ ಕೆಲವು ವರ್ಷಗಳಲ್ಲಿದ್ದ, ದೇಶ ವಿಭಜನೆಯಾದಾಗ ಪಾಕಿಸ್ತಾನಕ್ಕೆ ಹೋದ. ಅಮೀರ್‌ಬಾಯಿ ಆಮೇಲೂ ಹಾಡಿದರು, ನಟಿಸಿದರು, ಮತ್ತೆ ಮದುವೆಯಾದರು. ಬಿಟ್ಟುಹೋದವನನ್ನು ಅವರ ಕತೆಯ ನಾಯಕನನ್ನಾಗಿ ಕೂರಿಸಿರುವುದು ನಾವು. ರಹಮತ್ ತರೀಕೆರೆಯವರು ಅವರ ಮೇಲೆ ಒಂದು ಪುಸ್ತಕವನ್ನೇ ಬರೆದ ಮೇಲೂ ಹಂಚಿಕೆಯಾಗುವುದು ಹೊಡೆತದ ಕತೆಯೇ.

ಇವರ ಅಕ್ಕ ಗೋಹರಬಾಯಿಯವರನ್ನು ಪಕ್ಕಕ್ಕಿಟ್ಟು ನೋಡಿದರೆ ಈ ಆಟ ಇನ್ನೂ ಚೆನ್ನಾಗಿ ಕಾಣುತ್ತದೆ. ಗೋಹರಬಾಯಿ ಬಾಲಗಂಧರ್ವರ ನಾಟಕ ಕಂಪನಿ ಸೇರಿದರು, 1951ರಲ್ಲಿ ಅವರನ್ನು ಮದುವೆಯಾದರು. ಸ್ತ್ರೀ ಪಾತ್ರವೆಂದರೆ ಬಾಲಗಂಧರ್ವರೇ ಎಂದು ನಂಬಿದ್ದ ಮರಾಠಿ ರಂಗದಲ್ಲಿ, ಅವರದೇ ಕಂಪನಿಯಲ್ಲಿ, ಹೆಣ್ಣೊಬ್ಬಳು ಹೆಣ್ಣಿನ ಪಾತ್ರಕ್ಕೆ ನಿಂತದ್ದು ಸಣ್ಣ ಸಂಗತಿಯಲ್ಲ. ಆದರೆ ಅಲ್ಲಿ ಬಹಳ ಕಾಲ ನಡೆದುಬಂದ ಮಾತು ಏನೆಂದರೆ, ದೇವರಂಥ ಕಲಾವಿದನನ್ನು ಹಾಳು ಮಾಡಿದವಳು ಆಕೆ. ಅಕ್ಕ ಗಂಡನನ್ನು ಹಾಳು ಮಾಡಿದವಳು, ತಂಗಿ ಗಂಡನಿಂದ ಹಾಳಾದವಳು. ಒಂದೇ ಮನೆಯ ಇಬ್ಬರು ದುಡಿಯುವ ಕಲಾವಿದೆಯರಿಗೆ ಹಂಚಲು ನಮ್ಮಲ್ಲಿದ್ದದ್ದು ಇವೆರಡೇ ವೇಷ. ಮರಾಠಿಗರನ್ನು ದೂರಿ ನಾವು ತಪ್ಪಿಸಿಕೊಳ್ಳುವ ಹಾಗಿಲ್ಲ. ಬೈಗುಳಕ್ಕೂ ಕನಿಕರಕ್ಕೂ ನಡುವಿನ ದೂರ ಬಹಳ ಕಡಿಮೆ.

ಗಾಂಧೀಜಿ ಮೆಚ್ಚಿದರು ಎಂಬ ಮಾತನ್ನೂ ನಾವು ಯಾಕೆ ಇಷ್ಟು ಜೋರಾಗಿ ಹೇಳುತ್ತೇವೆ ಎಂದು ಯೋಚಿಸಿದ್ದೇನೆ. ಮುಸ್ಲಿಂ ಹೆಂಗಸು, ನಾಟಕ ಸಿನಿಮಾದವಳು, ಹೆಸರಿನ ಕೊನೆಗೆ ‘ಬಾಯಿ’. ಇಂಥವಳನ್ನು ಮನೆಯ ಪಡಸಾಲೆಗೆ ಕರೆಯಲು ಒಂದು ಮಡಿ ಸರ್ಟಿಫಿಕೇಟು ಬೇಕು. ಆ ಕಾಲದ ಗಾಳಿಯೂ ಹಾಗೇ ಇತ್ತು. ಸ್ವಾತಂತ್ರ್ಯದ ಆಸುಪಾಸಿನಲ್ಲಿ, ಪಟೇಲರು ವಾರ್ತಾ ಖಾತೆ ನೋಡಿಕೊಳ್ಳುತ್ತಿದ್ದಾಗ, ‘ಖಾಸಗಿ ಬದುಕು’ ನೆಟ್ಟಗಿಲ್ಲದ ಕಲಾವಿದರಿಗೆ ರೇಡಿಯೋ ಬಾಗಿಲು ಹಾಕಿತು. ಹಾಡಿಗಿಂತ ಮೊದಲು ಶೀಲದ ಪರೀಕ್ಷೆ. ನಾಡು ಹೊಸದಾಗುತ್ತಿದ್ದ ಹಾಗೆ ‘ಬಾಯಿ’ಗಳ ಮಾಗಿದ ದನಿ ಹಿಂದಕ್ಕೆ ಸರಿದು ಎಳೆಯ, ತೆಳುವಾದ ದನಿ ಮುಂದೆ ಬಂತು. ಲತಾ ಅವರ ಪ್ರತಿಭೆಯ ಬಗ್ಗೆ ನನಗೆ ಜಗಳವಿಲ್ಲ. ಆದರೆ ಇದನ್ನು ‘ಕೆಳಗಿನವಳು ಹೋದಳು, ಮೇಲಿನವಳು ಬಂದಳು’ ಎಂದು ಹೇಳುವುದು ಸೋಮಾರಿತನ. ಭಜನೆ ಹಾಡಿದ ದನಿಯೇ ‘ಶೆಹನಾಯಿ’ಯಲ್ಲಿ ಕಣ್ಣು ಮಿಟುಕಿಸುವ ಹಾಡನ್ನೂ ಹಾಡಿತ್ತು. ಆ ಹಾಡನ್ನು ಮಾರ್ಚ್ 3ರಂದು ಯಾರೂ ಹಂಚುವುದಿಲ್ಲ, ಗಮನಿಸಿ.

ಇನ್ನು ‘ಕರ್ನಾಟಕಿ’ ಎಂಬ ಹೆಸರು. ಅಂಬಾಲದ ಜೋಹ್ರಾಬಾಯಿ ‘ಅಂಬಾಲೇವಾಲಿ’ ಆದ ಹಾಗೆ ಬೊಂಬಾಯಿಯಲ್ಲಿ ಊರು ಹೆಸರಿಗೆ ಅಂಟಿಕೊಳ್ಳುತ್ತಿತ್ತು. ಆದರೆ ಅಂಬಾಲ ಊರು, ಕರ್ನಾಟಕ ಆಗಿನ್ನೂ ಕನಸು. ಬಿಜಾಪುರ ಬೊಂಬಾಯಿ ಪ್ರಾಂತ್ಯದಲ್ಲಿತ್ತು, ಏಕೀಕರಣವಾಗಿದ್ದು 1956ರಲ್ಲಿ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಅಷ್ಟು ಹೊತ್ತಿಗೆ ಆ ಹೆಸರು ಹೊತ್ತು ಹಾಡಿದವರು ತೀರಿಕೊಂಡು ಎಂಟು ವರ್ಷವಾಗಿತ್ತು. ಏಕೀಕರಣದ ಕತೆಯಲ್ಲಿ ಕವಿಗಳಿದ್ದಾರೆ, ಪತ್ರಿಕೆಗಳಿವೆ. ಒಬ್ಬ ಸಿನಿಮಾ ಗಾಯಕಿಗೆ ಅಲ್ಲಿ ಒಂದು ಅಡಿಟಿಪ್ಪಣಿಯೂ ಸಿಗಬಾರದೇ?

ವಿಜಯಪುರದಲ್ಲಿ ಅವರು ಕಟ್ಟಿಸಿದ ಚಿತ್ರಮಂದಿರದ ಹೆಸರು ಅಮೀರ್ ಟಾಕೀಸ್. ಟಾಕೀಸ್ ಎಂದರೆ ಜಾಗ, ಲೈಸೆನ್ಸು, ಪ್ರೊಜೆಕ್ಟರು, ವಿತರಕರ ಜೊತೆ ಚೌಕಾಸಿ, ಕರೆಂಟು ಹೋದರೆ ಪ್ರೇಕ್ಷಕರ ಸಿಳ್ಳೆ. ಇಷ್ಟೆಲ್ಲ ವ್ಯವಹಾರಕ್ಕೆ ಕೈ ಹಾಕಿದ ಹೆಂಗಸನ್ನು ನಾವು ‘ಪಾಪ’ ಅನ್ನುತ್ತಿದ್ದೇವೆ. ಬರುವ ಮಾರ್ಚ್ 3ಕ್ಕೆ ಬರೆಯಲು ಕೂರುವವರು ಆ ಟಾಕೀಸಿನಿಂದ ಶುರು ಮಾಡಲಿ. ಗಂಡನ ಸರದಿ ಐದನೇ ಪ್ಯಾರಾದಲ್ಲಿ ಬಂದರೂ ಆದೀತು.