ಹಳೆಯ ಮೋಟಾರು ಗಾಡಿಗಳೂ ನಡುವಣ ಮೂವತ್ತು ವರ್ಷಗಳೂ

ಇಪ್ಪತ್ತು ವರ್ಷ ದಾಟಿದ ಮೋಟಾರು ಗಾಡಿಗಳ ನೋಂದಣಿಯನ್ನು ಮುಂದುವರಿಸುವುದಕ್ಕೆ ತೆರಬೇಕಾದ ಶುಲ್ಕವನ್ನು ಕೇಂದ್ರ ಸರ್ಕಾರದವರು ೨೦೨೫ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಇಮ್ಮಡಿಗೊಳಿಸಿದ ಸಂಗತಿಯು ವಾಚಕರಿಗೆ ತಿಳಿದೇ ಇದೆ. ಮೋಟಾರು ಸೈಕಲ್ಲಿಗೆ ರೂ. ೨,೦೦೦, ಕಾರಿಗೆ ರೂ. ೧೦,೦೦೦, ಪರದೇಶದಿಂದ ತರಿಸಿದ ನಾಲ್ಕು ಚಕ್ರದ ಗಾಡಿಗೆ ರೂ. ೮೦,೦೦೦ ಎಂದು ದರಗಳು ನಿರ್ಧಾರವಾದವು. ಇದೇ ಕಾರಿನ ಶುಲ್ಕವು ೨೦೨೨ನೆಯ ಏಪ್ರಿಲ್ ೧ಕ್ಕೆ ಮೊದಲು ರೂ. ೬೦೦ ಮಾತ್ರ ಇದ್ದಿತು, ಅಂದಿನಿಂದ ರೂ. ೫,೦೦೦ ಆಯಿತು, ಇಪ್ಪತ್ತು ದಾಟಿದವುಗಳಿಗೆ ಅದೂ ಎರಡರಷ್ಟಾಯಿತು. ಹಳೆಯ ಗಾಡಿಗಳು ರಸ್ತೆಯಿಂದ ಬೇಗನೆ ತೊಲಗಲಿ ಎಂಬುದೇ ಇದರ ಉದ್ದೇಶವೆಂಬುದು ಸ್ಪಷ್ಟ. ಈ ಉದ್ದೇಶವು ನ್ಯಾಯವಾದುದೇ, ಅದನ್ನು ಸಾಧಿಸುವ ಮಾರ್ಗವು ಸರಿಯಾದುದೇ ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ವಿಚಾರಮಾಡುವುದು ಯುಕ್ತ.

ಉದ್ದೇಶವನ್ನು ನಾವು ಅಲ್ಲಗಳೆಯತಕ್ಕವರಲ್ಲ. ಹಳೆಯ ಎಂಜಿನ್ನು ಹೊಸದಕ್ಕಿಂತ ಹೆಚ್ಚು ಹೊಗೆಯನ್ನು ಉಗುಳುತ್ತದೆ. ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕನ್ನು ಹೊಂದಿ, ಎದೆಪಟ್ಟಿಯೂ ಇಲ್ಲದ ಗಾಡಿಯು ೨೦೨೩ನೆಯ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯ ವೇಗಕ್ಕೆ ಹೊಂದತಕ್ಕದ್ದಲ್ಲ. ಹಣದ ಮಾತನ್ನೇ ಹೇಳುವುದಾದರೆ, ಐದು ವರ್ಷಗಳ ಅವಧಿಗೆ ಹತ್ತು ಸಾವಿರವೆಂದರೆ ವರ್ಷಕ್ಕೆ ಎರಡು ಸಾವಿರ ಬೀಳುತ್ತದೆ. ಕಾರನ್ನು ಸಾಕುವವನಿಗೆ ಇದು ಪ್ರಾಣಾಂತಿಕವಾದ ಹೊರೆಯೆಂದು ಹೇಳಲಾಗದು. ನಮ್ಮ ಆಕ್ಷೇಪಣೆಯು ಮೊತ್ತವನ್ನು ಕುರಿತದ್ದಲ್ಲ. ಗಾಡಿಯ ವಯಸ್ಸೊಂದನ್ನೇ ಅಳತೆಗೋಲಾಗಿ ಹಿಡಿದು, ಅದರ ಸ್ಥಿತಿಯನ್ನೂ ಓಡಾಟವನ್ನೂ ಶುಲ್ಕದ ಲೆಕ್ಕಕ್ಕೆ ತಾರದಿರುವ ಕ್ರಮವನ್ನು ಕುರಿತದ್ದು.

ಈ ವಿಷಯವು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಮಹಾಜನರಿಗೆ ದೂರದ್ದಲ್ಲ. ೨೦೦೭ರಲ್ಲಿ ಈ ತಾಲ್ಲೂಕುಗಳು ಸೇರಿ ರಾಮನಗರ ಜಿಲ್ಲೆಯಾಯಿತು; ೨೦೨೫ರಲ್ಲಿ ರಾಜ್ಯ ಸರ್ಕಾರದವರು ಇದಕ್ಕೆ ಬೆಂಗಳೂರು ದಕ್ಷಿಣವೆಂಬ ಹೆಸರನ್ನಿಟ್ಟರು. ರೇಷ್ಮೆಗೂಡಿಗೂ ಮರದ ಬೊಂಬೆಗೂ ಹೆಸರಾದ ಈ ನಾಡು ಮೋಟಾರು ಗಾಡಿಗಳನ್ನು ಹುಟ್ಟಿಸುವ ನಾಡೂ ಆಗಿರುವುದು. ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯವರು ಸ್ಥಾಪಿಸಿದ ಕಾರ್ಖಾನೆಯಿಂದ ಹೊರಬಿದ್ದ ಮೊದಲ ಗಾಡಿಯೆಂದರೆ ೨೦೦೦ದಲ್ಲಿ ಪೇಟೆಗೆ ಬಂದ ಕ್ವಾಲಿಸ್. ೨೦೦೫ರಲ್ಲಿ ಅದರ ಸ್ಥಾನಕ್ಕೆ ಇನ್ನೋವಾ ಬಂದಿತು. ಮದುವೆಯ ದಿಬ್ಬಣ, ಧರ್ಮಸ್ಥಳದ ಯಾತ್ರೆ, ಆಸ್ಪತ್ರೆಯ ಅವಸರ ಎಲ್ಲಕ್ಕೂ ಒದಗಿದ ಆ ಗಾಡಿಯನ್ನು ನೆನೆಯದ ಮನೆಗಳು ಇಲ್ಲಿ ಕಡಮೆ. ಈ ದಿವಸ ಕ್ವಾಲಿಸ್ ಗಾಡಿಗಳೆಲ್ಲವೂ ಇಪ್ಪತ್ತು ವರ್ಷಗಳ ಗಡಿಗೆ ಬಂದಿವೆ ಅಥವಾ ಅದನ್ನು ದಾಟಿವೆ.

ಇಂತಹ ಗಾಡಿಯೊಂದನ್ನು ಶ್ರದ್ಧೆಯಿಂದ ಉಳಿಸಿಕೊಂಡವನಿಗೆ ಕಾನೂನು ಏನು ಹೇಳುತ್ತದೆ? ೨೦೨೧ನೆಯ ಜುಲೈ ತಿಂಗಳಲ್ಲಿ ಹೊರಟ ನಿಯಮಗಳ ಪ್ರಕಾರ ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿಯೇ ಉಳಿದಿರುವ ಗಾಡಿಗೆ ‘ವಿಂಟೇಜ್’ ಎಂಬ ಗೌರವವುಂಟು. ಮೊದಲ ನೋಂದಣಿಗೆ ರೂ. ೨೦,೦೦೦, ಬಳಿಕ ನವೀಕರಣಕ್ಕೆ ರೂ. ೫,೦೦೦, ಅವಧಿ ಹತ್ತು ವರ್ಷ. ನಿತ್ಯದ ಓಡಾಟಕ್ಕೆ ಅದನ್ನು ಬಳಸಕೂಡದು. ಪ್ರದರ್ಶನ, ಸಂಶೋಧನೆ, ಹಳೆಯ ಗಾಡಿಗಳ ಮೆರವಣಿಗೆ, ಇಂಧನ ತುಂಬಿಸುವುದು, ದುರಸ್ತಿ ಇವುಗಳಿಗೆ ಮಾತ್ರ ರಸ್ತೆಗೆ ತರಬಹುದು. ಇದು ವಿವೇಕದ ನಿಯಮವೆಂದೇ ನಾವು ಹೇಳುತ್ತೇವೆ. ಆದರೆ ಬಿಡದಿಯ ಮೊದಲ ಕ್ವಾಲಿಸಿಗೆ ಐವತ್ತು ತುಂಬುವುದು ೨೦೫೦ರ ಹೊತ್ತಿಗೆ. ಅಲ್ಲಿಯವರೆಗೆ ಅದು ಕಾನೂನಿನ ಕಣ್ಣಿಗೆ ಬರಿಯ ಹಳೆಯ ಗಾಡಿ. ಅತ್ಯಧಿಕ ಶುಲ್ಕವನ್ನು ತೆರತಕ್ಕ ಗಾಡಿ. ಪರದೇಶದ ಹಳೆಯ ಕಾರಿನ ಒಡೆಯನ ಸ್ಥಿತಿಯು ಇನ್ನೂ ವಿಚಿತ್ರ. ನಲವತ್ತೈದನೆಯ ವರ್ಷದಲ್ಲಿ ಐದು ವರ್ಷಕ್ಕೆ ಎಂಬತ್ತು ಸಾವಿರವನ್ನು ಕೊಡುವವನು ಐವತ್ತು ದಾಟಿದೊಡನೆ ಹತ್ತು ವರ್ಷಕ್ಕೆ ಇಪ್ಪತ್ತು ಸಾವಿರವನ್ನು ಕೊಟ್ಟರೆ ಸಾಕು. ಇಪ್ಪತ್ತರಿಂದ ಐವತ್ತರವರೆಗಿನ ಮೂವತ್ತು ವರ್ಷಗಳನ್ನು ಕಳೆಯದೆ ಯಾವ ಗಾಡಿಯೂ ಐವತ್ತನ್ನು ಮುಟ್ಟಲಾರದು. ಮುದುಕನಿಗೆ ಸನ್ಮಾನವನ್ನು ಗೊತ್ತುಮಾಡಿ, ನಡುವಯಸ್ಸಿನಲ್ಲಿ ಅವನಿಗೆ ಅನ್ನವನ್ನು ತಪ್ಪಿಸಿದಂತಾಯಿತು.

ಮೋಟಾರು ಗಾಡಿಯು ಶ್ರೀಮಂತರ ಆಟಿಕೆ, ಅದಕ್ಕೆ ಚರಿತ್ರೆಯ ಗೌರವವೇಕೆ ಎಂದು ಕೆಲವರು ಕೇಳಬಹುದು. ನಮ್ಮ ದೇಶದಲ್ಲಿ ಮೋಟಾರಿನ ಕಥೆಯು ಸ್ವದೇಶೀ ಉದ್ಯಮದ ಕಥೆಯೇ ಆಗಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೦ರ ದಶಕದಲ್ಲಿ ಯೂರೋಪು, ಅಮೆರಿಕಗಳ ಕಾರ್ಖಾನೆಗಳನ್ನು ಕಂಡುಬಂದು ಭಾರತದಲ್ಲಿಯೇ ಮೋಟಾರು ತಯಾರಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಅಂದಿನ ಬ್ರಿಟಿಷ್ ಸರ್ಕಾರದಿಂದ ಅದಕ್ಕೆ ಬೆಂಬಲ ದೊರೆಯಲಿಲ್ಲ. ಆ ಯೋಜನೆಯಲ್ಲಿ ಅವರೊಡನಿದ್ದ ವಾಲ್‌ಚಂದ್ ಹೀರಾಚಂದರು ೧೯೪೦ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನೂ, ೧೯೪೪ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಮೋಟಾರು ಕಾರ್ಖಾನೆಯನ್ನೂ ಆರಂಭಿಸಿದರು. ಬಿರ್ಲಾ ಅವರ ಹಿಂದೂಸ್ಥಾನ್ ಮೋಟಾರ್ಸ್ ೧೯೪೨ರಲ್ಲಿ ಹುಟ್ಟಿತು. ಆಂಗ್ಲರ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಅಚ್ಚಿನಿಂದ ತಯಾರಾದ ಅಂಬಾಸಡರ್, ಇಟಲಿಯ ಫಿಯಟ್ ಅಚ್ಚಿನಿಂದ ಬಂದ ಪದ್ಮಿನಿ, ಇವೆರಡೂ ಹಲವು ದಶಕಗಳ ಕಾಲ ನಮ್ಮ ರಸ್ತೆಗಳನ್ನು ಆಳಿದವು. ಅಂಬಾಸಡರಿನ ತಯಾರಿಕೆಯು ೨೦೧೪ನೆಯ ಮೇ ತಿಂಗಳಲ್ಲಿ ನಿಂತುಹೋಯಿತು. ಕಚೇರಿಗಳ ಮುಂದೆ ನಿಲ್ಲುತ್ತಿದ್ದ ಆ ಬಿಳಿಯ ಗಾಡಿಯನ್ನು ಕಂಡರೆ ಎದ್ದುನಿಲ್ಲುತ್ತಿದ್ದವರು ಇನ್ನೂ ನಮ್ಮ ನಡುವೆ ಇದ್ದಾರೆ.

ಇಂತಹ ಗಾಡಿಯನ್ನು ಕೊಳ್ಳುವುದು ಸುಲಭ, ಸಾಕುವುದು ಕಷ್ಟ. ೨೦೦೦ದ ಫೆಬ್ರವರಿ ೧ರಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲು ಮಾತ್ರ ಮಾರಾಟವಾಗುತ್ತಿದೆ. ಜನರ ಆರೋಗ್ಯಕ್ಕೆ ಅದು ದೊಡ್ಡ ಉಪಕಾರವೇ ಸರಿ. ಆದರೆ ಸೀಸವನ್ನೇ ನಂಬಿದ್ದ ಹಳೆಯ ಎಂಜಿನ್ನುಗಳ ವಾಲ್ವಿನ ಪೀಠಗಳು ಸವೆಯತೊಡಗಿದವು. ಈಗ ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಯುತ್ತಿದೆ. ಎಥನಾಲು ತೇವವನ್ನು ಹೀರತಕ್ಕ ದ್ರವ; ಗಾಡಿಯು ತಿಂಗಳುಗಟ್ಟಲೆ ನಿಂತರೆ ತೊಟ್ಟಿಯಲ್ಲಿ ತುಕ್ಕು ಹಿಡಿಯುತ್ತದೆ, ಹಳೆಯ ರಬ್ಬರಿನ ಕೊಳವೆಗಳು ಉಬ್ಬಿ ಬಿರಿಯುತ್ತವೆ. ಆದುದರಿಂದ ಕೊಳವೆಗಳನ್ನು ಬದಲಿಸುವುದು, ವಾರಕ್ಕೊಮ್ಮೆ ಎಂಜಿನ್ನನ್ನು ಬಿಸಿಯಾಗುವವರೆಗೆ ಓಡಿಸುವುದು ಒಡೆಯನ ನಿತ್ಯಕರ್ಮವಾಗುತ್ತದೆ. ಬಿಡಿಭಾಗಗಳು ಸಿಕ್ಕದೆಹೋದಾಗ ಲೇತಿನ ಮುಂದೆ ಕುಳಿತು ಕಡೆದುಕೊಡುವ ಮೇಸ್ತ್ರಿಯೇ ಗತಿ. ಮರವನ್ನು ಕಡೆದು ಅರಗಿನ ಬಣ್ಣ ಕೊಡುವ ಚನ್ನಪಟ್ಟಣದವರಿಗೆ ಕೈಕಸುಬಿನ ಬೆಲೆಯನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ಕಾರ್ಬುರೇಟರನ್ನು ಬಿಚ್ಚಿ ಕೂಡಿಸಬಲ್ಲ ಮೇಸ್ತ್ರಿಗಳು ಈಗ ವಯೋವೃದ್ಧರು. ಹಳೆಯ ಗಾಡಿಗಳು ಹೋದರೆ ಅವರ ವಿದ್ಯೆಯೂ ಹೋಗುವುದು.

ಕೊನೆಗೆ ಬೀಳ್ಕೊಡುವ ಕಾಲವು ಬಂದೇ ಬರುತ್ತದೆ. ಒಡೆಯನಿಗೆ ವಯಸ್ಸಾಗುತ್ತದೆ, ಮಕ್ಕಳು ಬೆಂಗಳೂರಿನಲ್ಲಿಯೋ ಪರದೇಶದಲ್ಲಿಯೋ ನೆಲೆಸುತ್ತಾರೆ, ಕೊಟ್ಟಿಗೆಯಲ್ಲಿ ಗಾಡಿಯ ಮೇಲೆ ಧೂಳು ಕೂರುತ್ತದೆ. ಆಗ ಬಾಯಿಮಾತಿನ ಮೇಲೆ ಗಾಡಿಯನ್ನು ಕೊಟ್ಟು ಕೈತೊಳೆದುಕೊಳ್ಳುವ ಪದ್ಧತಿಯು ಅನರ್ಥಕರವಾದುದು. ಮಾರಿದವನು ಅದೇ ರಾಜ್ಯದೊಳಗಾದರೆ ಹದಿನಾಲ್ಕು ದಿನಗಳಲ್ಲಿ ನೋಂದಣಾಧಿಕಾರಿಗೆ ವರದಿಮಾಡಬೇಕು. ಹೆಸರು ವರ್ಗಾವಣೆಯಾಗದಿದ್ದರೆ ಅಪಘಾತದ ಪರಿಹಾರಕ್ಕೆ ದಾಖಲೆಯಲ್ಲಿರುವ ಒಡೆಯನೇ ಹೊಣೆಗಾರನೆಂದು ಸರ್ವೋಚ್ಚ ನ್ಯಾಯಾಲಯವು ೨೦೧೮ರಲ್ಲಿ ಸ್ಪಷ್ಟವಾಗಿ ತೀರ್ಮಾನಿಸಿದೆ. ಗುಜರಿಗೆ ಹಾಕುವುದಾದರೆ ಅಧಿಕೃತ ಕೇಂದ್ರಕ್ಕೇ ಒಪ್ಪಿಸಿ ಠೇವಣಿ ಪತ್ರವನ್ನು ಪಡೆದು, ನೋಂದಣಿಯನ್ನು ರದ್ದುಮಾಡಿಸತಕ್ಕದ್ದು. ಹೊಸ ಗಾಡಿಯನ್ನು ಕೊಳ್ಳುವಾಗ ಆ ಪತ್ರದಿಂದ ರಿಯಾಯಿತಿಯೂ ದೊರೆಯುತ್ತದೆ. ಇಷ್ಟಾದರೂ, ಮೂವತ್ತು ವರ್ಷ ಒರಸಿ ಕಾಪಾಡಿದ ಗಾಡಿಯನ್ನು ಕಬ್ಬಿಣದ ತೂಕಕ್ಕೆ ಕೊಡುವಾಗ ಒಡೆಯನ ಕರುಳು ಚುರುಕ್ಕೆನ್ನುವುದು ಸಹಜ. ಅವನಿಗೆ ಇನ್ನೊಂದು ದಾರಿಯನ್ನು ತೋರಿಸುವುದು ಸಮಾಜದ ಕರ್ತವ್ಯ.

ಈ ಕಾರಣಗಳಿಂದ ನಾವು ಮೂರು ಸಲಹೆಗಳನ್ನು ಮುಂದಿಡುತ್ತೇವೆ. ಮೊದಲನೆಯದಾಗಿ, ಇಪ್ಪತ್ತೈದೋ ಮೂವತ್ತೋ ವರ್ಷ ತುಂಬಿದ, ಮೂಲರೂಪ ಕೆಡದ ಗಾಡಿಗಳಿಗೆ ನಡುವಣ ತರಗತಿಯೊಂದನ್ನು ಏರ್ಪಡಿಸಿ, ವರ್ಷಕ್ಕೆ ಇಷ್ಟು ಮೈಲಿಗಿಂತ ಹೆಚ್ಚು ಓಡಿಸಕೂಡದೆಂಬ ಷರತ್ತಿನ ಮೇಲೆ ಶುಲ್ಕವನ್ನು ಇಳಿಸತಕ್ಕದ್ದು. ಹೊಗೆಯ ಪರೀಕ್ಷೆಯಲ್ಲಾಗಲಿ ಬ್ರೇಕಿನ ಪರೀಕ್ಷೆಯಲ್ಲಾಗಲಿ ಎಳ್ಳಷ್ಟೂ ವಿನಾಯಿತಿ ಬೇಡ. ಎಂಜಿನ್ನನ್ನೋ ಚಾಸಿಯನ್ನೋ ಮಾರ್ಪಡಿಸಿದ ಗಾಡಿಗೆ ‘ವಿಂಟೇಜ್’ ಪದವಿಯು ಸಿಕ್ಕದೆಂಬುದನ್ನು ಈಗಲೇ ಒಡೆಯರಿಗೆ ತಿಳಿಯಪಡಿಸುವುದೂ ಅಗತ್ಯ. ಎರಡನೆಯದಾಗಿ, ಹದಿನೈದು ವರ್ಷ ಮೀರಿದ ಸರ್ಕಾರೀ ಗಾಡಿಗಳ ನೋಂದಣಿಯನ್ನು ೨೦೨೩ನೆಯ ಏಪ್ರಿಲ್ ೧ರಿಂದ ಮುಂದುವರಿಸುತ್ತಿಲ್ಲವಷ್ಟೆ. ಅವೆಲ್ಲವನ್ನೂ ಗುಜರಿಗೆ ಕಳುಹಿಸುವ ಮೊದಲು ಒಂದೊಂದು ಬಗೆಗೆ ಒಂದೊಂದನ್ನಾದರೂ ಪಾಲಿಟೆಕ್ನಿಕ್ಕುಗಳಿಗೂ ಕೈಗಾರಿಕಾ ತರಬೇತಿ ಶಾಲೆಗಳಿಗೂ ಒಪ್ಪಿಸಲಿ. ಮೂರನೆಯದಾಗಿ, ಖಾಸಗಿ ಒಡೆಯರು ದಾನವಾಗಿ ಕೊಡುವ ಗಾಡಿಗಳಿಗೆ ಜಿಲ್ಲೆಯಲ್ಲಿ ಒಂದು ನೆಲೆಯಾಗಲಿ. ಶ್ರೀರಂಗಪಟ್ಟಣದ ಸಮೀಪ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಹಳೆಯ ಕಾರುಗಳಿಗಾಗಿ ‘ಪಯಣ’ ಎಂಬ ಸಂಗ್ರಹಾಲಯವನ್ನು ಕಟ್ಟಿಸಿ ಮೇಲ್ಪಂಕ್ತಿಯನ್ನು ಹಾಕಿದ್ದಾರೆ. ಅದೇ ರಸ್ತೆಯಲ್ಲಿರುವ, ಕಾರುಗಳನ್ನು ತಯಾರಿಸುವ ಜಿಲ್ಲೆಗೆ ಇದು ಅಸಾಧ್ಯವಾದ ಕಾರ್ಯವಲ್ಲ.

ರಸ್ತೆಯು ಶುದ್ಧವಾಗಿರಬೇಕು, ಪ್ರಯಾಣವು ಸುರಕ್ಷಿತವಾಗಿರಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಹೊಗೆಯುಗುಳುತ್ತ ದಿನವೂ ನೂರು ಮೈಲಿ ಓಡುವ ಗಾಡಿಯನ್ನೂ, ಆಯುಧಪೂಜೆಗೆ ಹೊರಬಂದು ಊರ ಸುತ್ತಿ ಮನೆ ಸೇರುವ ಗಾಡಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಮಾತ್ರ ನ್ಯಾಯವೆನಿಸದು. ಬಿಡದಿಯ ಮೊದಲ ಗಾಡಿಗಳಲ್ಲಿ ಕೆಲವಾದರೂ ೨೦೫೦ರಲ್ಲಿ ಉಳಿದಿರಬೇಕಾದರೆ ಅವುಗಳನ್ನು ಉಳಿಸುವ ಕೆಲಸವು ಈ ವರ್ಷವೇ ಆರಂಭವಾಗಬೇಕು. ಕೇಂದ್ರ ಸರ್ಕಾರದವರೂ ರಾಜ್ಯದ ಸಾರಿಗೆ ಇಲಾಖೆಯವರೂ ಈ ವಿಷಯದಲ್ಲಿ ಶೀಘ್ರವಾಗಿ ಲಕ್ಷ್ಯಕೊಡುವರೆಂದು ನಾವು ನಂಬಿರುತ್ತೇವೆ.